ಎಂಎಸ್ ಪ್ರಾಜೆಕ್ಟಲ್ಲಿ (ಕೆಲಸಗಳ ವೇಳಾಪಟ್ಟಿ ಮಾಡೋ ಸಾಫ್ಟ್‌ವೇರ್) ಲಿಂಕ್ ಇದ್ರೂ ಡೇಟ್ ಜರುಗ್ತಿರ್ಲಿಲ್ಲ, ಹೀಗೆ ಸರಿ ಮಾಡ್ದೆ

ಪುಣೆ ಬಾಣೇರ್ ಸೈಟಿನ ಪ್ಲಾನಲ್ಲಿ ಸ್ಲ್ಯಾಬ್ ಕಾಂಕ್ರೀಟ್ 4 ದಿನ ಮುಂದಕ್ಕೆ ಹೋದ್ರೂ ಅದಕ್ಕೆ ಲಿಂಕ್ ಮಾಡಿದ್ದ ಸೆಂಟ್ರಿಂಗ್ (ಸ್ಲ್ಯಾಬ್ ಅಡಿಯ ಅಚ್ಚು, ಆಧಾರ) ಬಿಚ್ಚೋ ಕೆಲಸ ಹಳೇ ಡೇಟಲ್ಲೇ ಕೂತಿತ್ತು. ಡೇಟ್ ಮತ್ತೆ ಲೆಕ್ಕ ಹಾಕಿಸೋ ಎಫ್9 ಒತ್ತಿದ್ದಾಯ್ತು, ಲಿಂಕ್ ತೆಗೆದು ಮತ್ತೆ ಹಾಕಿದ್ರೆ ಒಂದ್ಸಲ ಸರಿಯಾಗೋದು ಅಷ್ಟೇ, ಕೈಯಲ್ಲೇ ಡೇಟ್ ಟೈಪ್ ಮಾಡಿದ್ದಂತೂ ಇನ್ನೂ ಗೋಜಲಾಯ್ತು.

ಕಾರಣ ಇಷ್ಟೇ, ಟಾಸ್ಕೆಲ್ಲಾ ಮ್ಯಾನ್ಯುಅಲಿ ಶೆಡ್ಯೂಲ್ಡ್ (ಡೇಟ್ ತಾನಾಗೇ ಜರುಗದ ಮೋಡ್) ಇದ್ವು, ಟಾಸ್ಕ್ ಮೋಡ್ ಕಾಲಮ್ಮಲ್ಲಿ ಪಿನ್ ಗುರುತು ಕಾಣತ್ತೆ. ಎಲ್ಲಾ ಸೆಲೆಕ್ಟ್ ಮಾಡಿ ಟಾಸ್ಕ್ ಟ್ಯಾಬಲ್ಲಿ ಆಟೋ ಶೆಡ್ಯೂಲ್ ಒತ್ತಿ, ಆಮೇಲೆ ಟಾಸ್ಕ್ ಇನ್ಫರ್ಮೇಶನ್, ಅಡ್ವಾನ್ಸ್ಡ್, ಅಲ್ಲಿ ಕನ್‌ಸ್ಟ್ರೈಂಟ್ ಟೈಪ್ (ಡೇಟ್ ಮೇಲಿನ ನಿರ್ಬಂಧ) ನೋಡಿ, ಡೇಟ್ ಟೈಪ್ ಮಾಡಿದ ಕಡೆ ಸ್ಟಾರ್ಟ್ ನೋ ಅರ್ಲಿಯರ್ ದ್ಯಾನ್ ಅಂತ ಆಗಿರಬಹುದು, ಹಾಗಿದ್ರೆ ಅದನ್ನ ಆಸ್ ಸೂನ್ ಆಸ್ ಪಾಸಿಬಲ್ ಮಾಡಿ. ಕೊನೇಗೆ ಸೆಂಟ್ರಿಂಗ್ ಬಿಚ್ಚೋ ಸಾಲಿನ ಪ್ರಿಡಿಸೆಸರ್ಸ್ (ಮೊದಲು ಆಗ್ಬೇಕಾದ ಕೆಲಸ) ಕಾಲಮ್ಮಲ್ಲಿ 12ಎಫ್‌ಎಸ್+7ಇಡಿ ಅಂತ ಹಾಕಿ (12 ನನ್ನ ಸ್ಲ್ಯಾಬ್ ಸಾಲು, ಎಫ್‌ಎಸ್ ಅಂದ್ರೆ ಅದು ಮುಗಿದ ಮೇಲೆ ಇದು ಶುರು, 7ಇಡಿ ಅಂದ್ರೆ ರಜೆನೂ ಸೇರಿ 7 ದಿನ). ಬರೀ ಡಿ ಹಾಕಿದ್ರೆ ರಜಾದಿನ ಲೆಕ್ಕಕ್ಕೆ ಬರಲ್ಲ, ಕಾಂಕ್ರೀಟ್ ಭಾನುವಾರನೂ ಗಟ್ಟಿಯಾಗ್ತಿರತ್ತೆ.