ಕೋಲ್ಡ್ ಏರ್ ಇಂಟೇಕ್ ಹಾಕಿಸಿದರೆ ಪಿಕಪ್ ಬರುತ್ತಾ? ಅಳೆದು ನೋಡಿದ್ದು ಹೀಗೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಇಲ್ಲಿ ಕಾಲೇಜುಗಳು ಜಾಸ್ತಿ. ಕೋಲ್ಡ್ ಏರ್ ಇಂಟೇಕ್ ಕಿಟ್ ಹಿಡಿದುಕೊಂಡು ‘ಅಣ್ಣ, ಇದನ್ನ ಹಾಕಿಕೊಡು’ ಅಂತ ಬರುವ ಹುಡುಗರೂ ಜಾಸ್ತಿ. ಎಂಜಿನ್‌ಗೆ ಗಾಳಿ ಸೋಸಿ ಕೊಡುವ ಕಂಪನಿಯ ಏರ್ ಬಾಕ್ಸ್ ತೆಗೆದು ಅದರ ಬದಲಿಗೆ ಹಾಕುವ ಸಾಮಾನು ಇದು: ಒಂದು ಹೊಳೆಯುವ ಪೈಪು, ಅದರ ತುದಿಗೆ ಕೆಂಪು ಕೋನ್ ಫಿಲ್ಟರ್. ಹಾಕುವುದು ದೊಡ್ಡ ಕೆಲಸವೇನಲ್ಲ. ಹಾಕಿಸಿಕೊಂಡು ಒಂದು ರೌಂಡ್ ಹೊಡೆದು ಬಂದವರೆಲ್ಲ ಹೇಳುವುದು ಒಂದೇ: ‘ಪಿಕಪ್ ಹೆಂಗೈತೆ ನೋಡಣ್ಣ!’ ನನಗೆ ಸೌಂಡ್ ಜೋರಾಗಿದ್ದು ಕೇಳುತ್ತಿತ್ತು, ಪಿಕಪ್ ಬಗ್ಗೆ ಅನುಮಾನ ಇತ್ತು. ಅದಕ್ಕೆ ಒಬ್ಬ ಹುಡುಗನನ್ನು ಒಪ್ಪಿಸಿ, ಅವನ 1.2 ಲೀಟರ್ ಪೆಟ್ರೋಲ್ ಕಾರನ್ನು ಕಿಟ್ ಹಾಕುವ ಮೊದಲೂ ಹಾಕಿದ ಮೇಲೂ ಅಳೆದು ನೋಡಿದೆ.

ಕಿಟ್ ಮಾರುವವರು ಹೇಳುವ ಲೆಕ್ಕ ಸುಳ್ಳಲ್ಲ. ತಣ್ಣಗಿನ ಗಾಳಿ ದಟ್ಟವಾಗಿರುತ್ತದೆ. ಸುಮಾರು 3 ಡಿಗ್ರಿ ಸೆಲ್ಸಿಯಸ್ ಇಳಿದರೆ ಅದೇ ಜಾಗದಲ್ಲಿ ಶೇ 1ರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಆಗ ಸ್ವಲ್ಪ ಜಾಸ್ತಿ ಪೆಟ್ರೋಲ್ ಉರಿದು ಪವರ್ ಸಿಗುತ್ತದೆ. ಪ್ರಶ್ನೆ ಇರುವುದು ಕಿಟ್ಟಿಗೆ ಆ ತಣ್ಣಗಿನ ಗಾಳಿ ಎಲ್ಲಿಂದ ಸಿಗುತ್ತದೆ ಅನ್ನುವುದರಲ್ಲಿ. ನಿಮ್ಮ ಕಾರಿನ ಬಾನೆಟ್ ಎತ್ತಿ ಕಂಪನಿ ಫಿಟ್ಟಿಂಗ್ ನೋಡಿ. ಬಹಳಷ್ಟು ಕಾರುಗಳಲ್ಲಿ ಏರ್ ಬಾಕ್ಸಿನ ಬಾಯಿ ಮುಂದಿನ ಗ್ರಿಲ್ ಪಕ್ಕದಲ್ಲೇ ಇರುತ್ತದೆ. ಅದು ಎಳೆಯುವುದೇ ಹೊರಗಿನ ಗಾಳಿ!

ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ, ಅಂದರೆ ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಸಾಕೆಟ್ಟಿಗೆ, ಸ್ಕ್ಯಾನರ್ ಚುಚ್ಚಿದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ ಕಾಣಿಸುತ್ತದೆ. ಏಪ್ರಿಲ್ ಬಿಸಿಲು, ಹೊರಗೆ 37 ಡಿಗ್ರಿ ಆಸುಪಾಸು. ಗಾಡಿ ಓಡುವಾಗ ಕಂಪನಿ ಬಾಕ್ಸಿನ ಗಾಳಿ ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಇತ್ತು, ಅಷ್ಟೇ. ಕಿಟ್ ಹಾಕಿದ ಮೇಲೆ ಓಡುವಾಗಲೇ 50ರ ಹತ್ತಿರ ಬಂತು. ಸಿಗ್ನಲ್‌ನಲ್ಲಿ ನಿಂತರೆ 65 ದಾಟಿತು. ಯಾಕೆ ಅಂದರೆ ಕೋನ್ ಕೂತಿದ್ದು ರೇಡಿಯೇಟರ್ ಹಿಂದೆ, ಫ್ಯಾನ್ ಬಿಸಿಗಾಳಿ ಎಸೆಯುವ ಜಾಗದಲ್ಲಿ. ಗಾಳಿ ಅಷ್ಟು ಬಿಸಿಯಾದರೆ ನಾಕಿಂಗ್ (ಪೆಟ್ರೋಲ್ ತಪ್ಪಾಗಿ ಸಿಡಿದು ಎಂಜಿನ್ ಬಡಿಯುವುದು) ಆಗದಿರಲಿ ಅಂತ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಕಿಡಿ ಹೊತ್ತಿಸುವ ಇಗ್ನಿಷನ್ ಟೈಮಿಂಗನ್ನೂ ಹಿಂದಕ್ಕೆ ಎಳೆಯುತ್ತದೆ, ಪವರ್ ಇನ್ನಷ್ಟು ಇಳಿಯುತ್ತದೆ.

ಆಮೇಲೆ ಓಟ. ಬೆಳಗಿನ ಜಾವ ಚಿತ್ರದುರ್ಗದ ಕಡೆ ಹೈವೇ ಹಿಡಿದೆವು. ಎಸಿ ಆಫ್, ಮೂರನೇ ಗೇರ್, ಪೂರ್ತಿ ಆ್ಯಕ್ಸಿಲರೇಟರ್, 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತವನು ಸ್ಕ್ಯಾನರ್ ನೋಡಿ ಹಿಡಿಯುವುದು. ಆ ದಾರಿಯಲ್ಲಿ ಒಂದು ತರಲೆ ಇದೆ. ದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ನೋಡಿ. ಹೋಗುವಾಗ ಗಾಳಿ ಎದುರಿಗೆ ಬಂದರೆ ಬರುವಾಗ ಬೆನ್ನು ತಳ್ಳುತ್ತದೆ. ಒಂದೇ ಕಡೆ ಓಡಿಸಿ ಟೈಮ್ ಹೇಳುವವರನ್ನು ನಂಬಬೇಡಿ. ನಾವು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದೆವು. ಒಂದೇ ಸ್ಥಿತಿಯಲ್ಲಿರುವ ಕಾರು ಎರಡು ಓಟದಲ್ಲಿ ತೋರಿಸುವ ವ್ಯತ್ಯಾಸವೇ ಕಿಟ್ಟಿನ ವ್ಯತ್ಯಾಸಕ್ಕಿಂತ ಜಾಸ್ತಿ ಇತ್ತು. ಬಿಸಿಲಲ್ಲಿ ನಿಲ್ಲಿಸಿ ತಕ್ಷಣ ಓಡಿಸಿದಾಗ ಮಾತ್ರ ಕಿಟ್ ಹಾಕಿದ ಗಾಡಿ ಚೆನ್ನಾಗೇ ಹಿಂದೆ ಬಿತ್ತು.

ಹುಡುಗ ಬಿಡಲಿಲ್ಲ. ಸರಿ, ಕೋನ್ ಸುತ್ತ ಅಲ್ಯೂಮಿನಿಯಂ ತಗಡಿನ ಗೋಡೆ ಮಾಡಿ, ಗ್ರಿಲ್‌ನಿಂದ ಒಂದು ಪೈಪು ಎಳೆದು ಕೊಟ್ಟೆ. ಗಾಳಿಯ ಉಷ್ಣತೆ ಮೊದಲಿನ ಮಟ್ಟಕ್ಕೆ ಬಂತು, ಟೈಮೂ ಅಲ್ಲಿಗೇ ಬಂತು. ಅಂದರೆ ಇಷ್ಟು ಖರ್ಚು ಮಾಡಿ ನಾವಿಬ್ಬರೂ ಸೇರಿ ಕಂಪನಿ ಬಾಕ್ಸನ್ನೇ ಇನ್ನೊಮ್ಮೆ ಕಟ್ಟಿದ್ದೆವು!

ಕಿಟ್‌ನಿಂದ ಪಿಕಪ್ ಬರದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 1.2 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3600 ಲೀಟರ್ ಗಾಳಿ ಎಳೆಯುತ್ತದೆ. ಕಂಪನಿಯ ಪೇಪರ್ ಫಿಲ್ಟರ್ ಅಷ್ಟನ್ನು ಲೆಕ್ಕ ಹಾಕಿಯೇ ಮಾಡಿದ್ದು. ಊರೊಳಗೆ ಓಡಿಸುವಾಗ ಥ್ರಾಟಲ್ (ಆ್ಯಕ್ಸಿಲರೇಟರ್ ಒತ್ತಿದಷ್ಟು ತೆರೆಯುವ ಗಾಳಿಯ ಬಾಗಿಲು) ಅರ್ಧವೂ ತೆರೆದಿರುವುದಿಲ್ಲ. ಗಾಳಿಗೆ ಅಡ್ಡ ಇರುವುದು ಅದೇ, ಫಿಲ್ಟರ್ ಅಲ್ಲ. ಮೈಲೇಜ್ ಆಸೆಯಂತೂ ಬಿಡಿ. ಸೆನ್ಸರ್ ಎಷ್ಟು ಗಾಳಿ ಹೇಳುತ್ತದೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಹೋಗುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ಫಿಲ್ಟರ್ ಕಟ್ಟಿಕೊಂಡಿದ್ದರೂ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಮೈಲೇಜ್ ಹೇಳುವಂಥಷ್ಟು ಕಡಿಮೆಯಾಗಲಿಲ್ಲ. ಪಿಕಪ್ ಮಾತ್ರ ಕಡಿಮೆಯಾಯಿತು.

ನನಗೆ ಪವರ್‌ಗಿಂತ ಚಿಂತೆ ಧೂಳಿನದು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೇ ಮೆಕ್ಕೆಜೋಳ ಒಣಹಾಕಿರುತ್ತಾರೆ, ಹೊಳಲ್ಕೆರೆ ಕಡೆ ಅದಿರು ಲಾರಿಗಳ ಕೆಂಪು ಧೂಳು. ಇಂಥ ಕಡೆ ಓಡಾಡಿದ ಮೇಲೆ ಕಿಟ್ಟಿನ ಪೈಪ್ ಒಳಗೆ ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕೆಂಪಾಯಿತು. ಫಿಲ್ಟರ್ ದಾಟಿದ ಆ ಧೂಳು ಹೋಗುವುದು ಸಿಲಿಂಡರಿಗೇ. ಇಂಥ ಕಿಟ್‌ಗಳಲ್ಲಿ ಧೂಳು ಹಿಡಿಯಲು ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರ್‌ಗಳೂ ಇರುತ್ತವೆ; ಎಣ್ಣೆ ಜಾಸ್ತಿಯಾದರೆ ಅದು ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರಿಗೆ ಅಂಟಿ ಚೆಕ್ ಎಂಜಿನ್ ಲೈಟ್ ಬರುವುದೂ ಉಂಟು. ಬಂಪರ್ ಒಳಗೆ ಕೆಳಗೆ ಇಳಿಸುವ ಕಿಟ್‌ಗಳಂತೂ ಮಳೆಗಾಲದಲ್ಲಿ ಅಂಡರ್‌ಪಾಸ್ ನೀರನ್ನೇ ಎಳೆದುಕೊಳ್ಳಬಹುದು. ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಟರ್ಬೊ ಪೆಟ್ರೋಲ್ ಗಾಡಿಗೆ ರೀಮ್ಯಾಪ್ ಮಾಡಿಸುವವರ, ಅಂದರೆ ಜಾಸ್ತಿ ಪವರ್‌ಗೆ ಇಸಿಯು ಪ್ರೋಗ್ರಾಂ ಬದಲಿಸುವವರ, ವಿಷಯ ಬೇರೆ. ಅಲ್ಲಿ ಗಾಳಿಯ ಬೇಡಿಕೆಯೇ ಏರುತ್ತದೆ, ಮುಚ್ಚಿದ ಬಾಕ್ಸ್ ಇರುವ ಒಳ್ಳೆ ಇಂಟೇಕ್‌ಗೆ ಕೆಲಸ ಇರುತ್ತದೆ.

ರೀಡಿಂಗ್ ಎಲ್ಲ ತೋರಿಸಿದ ಮೇಲೆ ಹುಡುಗ ನಕ್ಕ. ‘ಇರಲಿ ಬಿಡಣ್ಣ, ಸೌಂಡ್ ಚೆನ್ನಾಗೈತೆ.’ ಸೌಂಡಿಗೆ ದುಡ್ಡು ಕೊಟ್ಟೆ ಅಂತ ಒಪ್ಪಿಕೊಂಡರೆ ನನ್ನದೇನೂ ತಕರಾರಿಲ್ಲ. ಆದರೆ ವಾರಂಟಿ ಇರುವ ಗಾಡಿಯಾದರೆ ಮೊದಲು ಕಂಪನಿಯವರನ್ನು ಕೇಳಿಕೊಂಡು ಬಾ ಅನ್ನುತ್ತೇನೆ. ಈಗ ಯಾರೇ ಕಿಟ್ ತಂದರೂ ಮೊದಲು ಹಳೇ ಪೇಪರ್ ಫಿಲ್ಟರ್ ಬಿಚ್ಚಿ ತೋರಿಸುತ್ತೇನೆ. ಎಷ್ಟೋ ಸಲ ಅದರ ಮಡಿಕೆಗಳಲ್ಲಿ ಮಣ್ಣು ತುಂಬಿರುತ್ತದೆ. ಕೆಲವು ನೂರು ರೂಪಾಯಿಯ ಹೊಸದು ಹಾಕಿ, ಹೋಗಿ ಓಡಿಸಿ ಬಾ, ಆಮೇಲೂ ಬೇಕು ಅನಿಸಿದರೆ ಕಿಟ್ ಹಾಕೋಣ ಅಂತ ಕಳಿಸುತ್ತೇನೆ.