ಹೊಸ ಕೆಲಸಗಾರನನ್ನು ಕಳಿಸುವುದು: ಎಪ್ಪತ್ತೈದು ಸಾವಿರ ಕೊಟ್ಟು ಕಲಿತದ್ದು

ಉಡುಪಿಯಲ್ಲಿ ನನ್ನದು ಟೈಲ್ಸ್, ಸ್ಯಾನಿಟರಿ ಸಾಮಾನಿನ ಅಂಗಡಿ. ಹದಿನಾರು ಜನ ಕೆಲಸಕ್ಕಿದ್ದಾರೆ. ಕಳೆದ ಐದಾರು ವರ್ಷದಲ್ಲಿ ಐದು ಹೊಸಬರನ್ನು ಕೆಲಸದಿಂದ ಬಿಡಿಸಿ ಕಳಿಸಿದ್ದೇನೆ. ಒಬ್ಬರೂ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಲಿಲ್ಲ. "ಕಾಗದ ಕೊಟ್ಟರೆ ಅವರ ಕೈಗೆ ನಾವೇ ಕತ್ತಿ ಕೊಟ್ಟ ಹಾಗೆ. ನಾಳೆಯಿಂದ ಬರಬೇಡ ಅಂತ ಬಾಯಲ್ಲೇ ಹೇಳು ಮಾರಾಯ" ಎನ್ನುತ್ತಿದ್ದ ನಮ್ಮ ಭಾವ ಈಗ ಅದೇ ಕಾಗದದ ನಕಲು ಕೇಳುತ್ತಾರೆ.

ಬಾಯಲ್ಲಿ ಹೇಳಿ ಕಳಿಸಿ ನೋಡಿದವನೂ ನಾನೇ. 2018ರಲ್ಲಿ ಒಬ್ಬ ಗೋಡೌನ್ ಹುಡುಗ. ಸೇರಿ ಏಳು ತಿಂಗಳಾಗಿತ್ತು. ನಲ್ಲಿಗಳ ಲೆಕ್ಕ ತಾಳೆ ಆಗಲಿಲ್ಲ. ಗಿರಾಕಿಗಳ ಎದುರೇ ಕಳ್ಳ ಅಂದೆ, ಹೊರಗೆ ಹಾಕಿದೆ. ವರ್ಷ ತುಂಬದವನಿಗೆ ಎಂತ ಕಾನೂನು ಅಂತ ನನ್ನ ಧೈರ್ಯ. ಒಂದೂವರೆ ತಿಂಗಳಲ್ಲಿ ನೋಟಿಸ್ ಬಂತು.

ವಕೀಲರು ರಾಜ್ಯದ 1961ರ ಅಂಗಡಿ ಕಾಯ್ದೆಯ 39ನೇ ಸೆಕ್ಷನ್ ತೋರಿಸಿದರು. ಆರು ತಿಂಗಳು ಬಿಡದೆ ದುಡಿದವನನ್ನು ತೆಗೆಯಲು ಸರಿಯಾದ ಕಾರಣ ಬೇಕು. ಜೊತೆಗೆ ಒಂದು ತಿಂಗಳ ನೋಟಿಸ್, ಇಲ್ಲ ಅಷ್ಟರ ಸಂಬಳ. ತಪ್ಪು ಮಾಡಿದ್ದಾನೆ, ನೋಟಿಸ್ ಯಾಕೆ ಅನ್ನುವುದಾದರೆ ವಿಚಾರಣೆ ನಡೆಸಿ ಸಾಕ್ಷಿ ಬರೆದಿಟ್ಟಿರಬೇಕು. ನನ್ನ ಹತ್ತಿರ ಇದ್ದದ್ದು ಸಿಟ್ಟು ಮಾತ್ರ. ರಾಜಿಗೆ ನಲವತ್ತೈದು ಸಾವಿರ, ವಕೀಲರಿಗೆ ಮತ್ತು ಓಡಾಟಕ್ಕೆ ಮೂವತ್ತು. ಮೂರು ತಿಂಗಳ ಮೇಲೆ ಆ ನಲ್ಲಿಗಳು ಕಮೋಡ್ ಪೆಟ್ಟಿಗೆಗಳ ಹಿಂದೆ ಸಿಕ್ಕಿದವು.

ಆಮೇಲೆ ಅತಿ ಬುದ್ಧಿವಂತಿಕೆ ಮಾಡಿದೆ. 240 ದಿನ ದುಡಿದರೆ ಕಾನೂನಿನ ಲೆಕ್ಕದಲ್ಲಿ ಒಂದು ವರ್ಷ, ಆಮೇಲೆ ತೆಗೆದರೆ ಪರಿಹಾರ ಕೊಡಬೇಕು. ಅದಕ್ಕೆ 240 ದಿನ ಆಗುವ ಮೊದಲು ಬಿಡಿಸಿ, ಹದಿನೈದು ದಿನ ಕಳೆದು ಮತ್ತೆ ಸೇರಿಸಿಕೊಳ್ಳುವುದು. ತಿಂಗಳಿಗೆ ಇಪ್ಪತ್ತೈದು ದಿನದ ಲೆಕ್ಕದಲ್ಲಿ ಒಂಬತ್ತೂವರೆ ತಿಂಗಳು ಸಿಗುತ್ತದೆ ಅಂದುಕೊಂಡಿದ್ದೆ. ವಕೀಲರು ನಕ್ಕರು. ಸಂಬಳ ಸಿಗುವ ಭಾನುವಾರವೂ ರಜೆಯೂ ಲೆಕ್ಕಕ್ಕೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆಯಂತೆ. ಅಂದರೆ ಎಂಟೇ ತಿಂಗಳು! ಬೇಕಂತಲೇ ಮಾಡಿದ ಬಿಡುವು ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ. ಆ ಆಟ ಬಿಟ್ಟೆ.

ಈಗ ಸೇರಿದ ದಿನವೇ ಕಾಗದ, ಐದು ತಿಂಗಳ ಪ್ರೊಬೇಷನ್, ಅಂದರೆ ಪರೀಕ್ಷೆಯ ಅವಧಿ. ಒಂದು ನೂರು ಪುಟದ ಪುಸ್ತಕ. ಪ್ರತಿ ಶನಿವಾರ ಹೊಸಬನ ಕೆಲಸದ ಬಗ್ಗೆ ಎರಡು ಸಾಲು ಬರೆಯುತ್ತೇನೆ, ಒಳ್ಳೆಯದೂ ಸೇರಿಸಿ. ಅವನ ಸಹಿ, ನನ್ನ ಸಹಿ. ಬೈಯುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ. ಒಮ್ಮೆ ಬಿಹಾರದ ಹುಡುಗ ಎರಡು ತಿಂಗಳು ಏನೂ ಓದದೆ ಸಹಿ ಹಾಕಿದ್ದ. ಅಂಥ ಸಹಿ ಇದ್ದು ಏನು ಪ್ರಯೋಜನ? ಅವನಿಗೆ ಹಿಂದಿಯಲ್ಲಿ ಬರೆಸಿದೆ. ಪುಸ್ತಕದ ಬದಲು ವಾಟ್ಸಾಪ್ ಗ್ರೂಪ್ ಮಾಡಿಯೂ ನೋಡಿದೆ. ವಾರದಲ್ಲಿ ನನ್ನ ಮೆಸೇಜೆಲ್ಲ ಪಕ್ಕದ ಅಂಗಡಿಯವರ ಫೋನಿನಲ್ಲಿತ್ತು.

ನಾಲ್ಕೂವರೆ ತಿಂಗಳಿಗೆ ತೀರ್ಮಾನ. ಬೇಡ ಅಂತಾದರೆ ಚಹಾ ತರಿಸಿ, ಕೂರಿಸಿ ಹೇಳುತ್ತೇನೆ. ಕಳಿಸುವ ಕಾಗದದಲ್ಲಿ ಆರೋಪ ಒಂದೂ ಇರುವುದಿಲ್ಲ. ಆ ಕಾಗದದ ಎರಡನೇ ಸಾಲು ಮಾತ್ರ ಇಲ್ಲಿ ಹೇಳುವುದಿಲ್ಲ, ಭಾವನಿಗೂ ಕೊಟ್ಟಿಲ್ಲ. ಆದರೆ ನಿಜವಾಗಿ ಕಳ್ಳತನವೇ ಕಾರಣವಾದರೆ ಈ ದಾರಿ ಬೇಡ. ನಯವಾದ ಮಾತಿನ ಹಿಂದೆ ಏನುಂಟು ಅಂತ ಕೋರ್ಟ್ ಕೆದಕುತ್ತದೆ. ಆಗ ವಿಚಾರಣೆಯೇ ಮಾಡಿ.

ಬಾಕಿ ಸಂಬಳ ಅದೇ ದಿನ ಚುಕ್ತಾ. ಕಾನೂನಿನಲ್ಲಿ ಎರಡು ಕೆಲಸದ ದಿನ ಉಂಟು. 2025ರ ನವೆಂಬರ್ 21ರಿಂದ ಬಂದ ಹೊಸ ವೇತನ ಸಂಹಿತೆಯಲ್ಲೂ ಅಷ್ಟೇ. ಮೇಲೆ ಹದಿನೈದು ದಿನದ ಸಂಬಳ ನನ್ನ ಕಡೆಯಿಂದ. ಕೊಡಲೇಬೇಕು ಅಂತಿಲ್ಲ. ಐದೂ ಜನರದ್ದು ಸೇರಿ ಮೂವತ್ತೈದು ಸಾವಿರ ಆಗಿರಬಹುದು. ಆ ಒಬ್ಬ ಹುಡುಗನಿಗೆ ಆದದ್ದರ ಅರ್ಧ ಕೂಡ ಇಲ್ಲ, ಅಲ್ವಾ?

ಒಮ್ಮೆ ಈ ಪುಸ್ತಕವೇ ನನ್ನನ್ನು ಮುಳುಗಿಸುತ್ತಿತ್ತು. ಅಕೌಂಟ್ಸ್ ಹುಡುಗಿ, ನಾಲ್ಕೂವರೆ ತಿಂಗಳಾಗಿತ್ತು, ಬರೀ ತಪ್ಪು. ಕಾಗದ ಟೈಪ್ ಆಗಿತ್ತು. ಅವಳು ಗರ್ಭಿಣಿ ಅಂತ ಹೇಳಿದವಳು ನನ್ನ ಹೆಂಡತಿ. 80 ದಿನ ದುಡಿದಿದ್ದರೆ ಸಾಕು, ಹೆರಿಗೆ ಸೌಲಭ್ಯದ ಹಕ್ಕು ಬರುತ್ತದೆ. ಕೆಲಸದಿಂದ ತೆಗೆದರೂ ಅದು ತಪ್ಪುವುದಿಲ್ಲ. ಅವಳ ಸಂಬಳ 24,000. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಅದರ ಸಂಬಳದ ಮಿತಿ 21,000. ಹಾಗಾಗಿ 26 ವಾರದ ಹೊರೆ ನನ್ನದೇ, ಸುಮಾರು ಒಂದು ಲಕ್ಷ ನಲವತ್ತು ಸಾವಿರ. ಕಾಗದ ಹರಿದು ಹಾಕಿದೆ, ರಜೆ ಕೊಟ್ಟೆ. ಈಗಲೂ ನಮ್ಮಲ್ಲೇ ಇದ್ದಾಳೆ. ಜಿಎಸ್‌ಟಿ ಕಟ್ಟುವ ವಾರದಲ್ಲಿ ಈಗಲೂ ತಪ್ಪು ಮಾಡುತ್ತಾಳೆ.