ಜಿಎಸ್ ಪೇಪರ್ 2ಕ್ಕೆ ನಮ್ಮ ಜಿಲ್ಲೆಯನ್ನೇ ಓದಿದ್ದು

ಯುಪಿಎಸ್‌ಸಿ ಮೇನ್ಸ್‌ನ ಜಿಎಸ್ (ಸಾಮಾನ್ಯ ಅಧ್ಯಯನ) ಪೇಪರ್ 2, ಅಂದರೆ ಸಂವಿಧಾನ, ಆಡಳಿತದ ಪೇಪರ್, ಬರೆದವರಿಗೆ ಅದರ ಕಷ್ಟ ಗೊತ್ತಿರುತ್ತದೆ. ಮೂರು ಗಂಟೆ, 20 ಪ್ರಶ್ನೆ, 250 ಅಂಕ. ಹತ್ತು ಪ್ರಶ್ನೆಗೆ ತಲಾ 10 ಅಂಕ, 150 ಪದ. ಇನ್ನು ಹತ್ತಕ್ಕೆ 15 ಅಂಕ, 250 ಪದ. ಲೆಕ್ಕ ಹಾಕಿದರೆ ಚಿಕ್ಕದಕ್ಕೆ ಏಳು ನಿಮಿಷ, ದೊಡ್ಡದಕ್ಕೆ ಹನ್ನೊಂದು. ಅಲ್ಲಿ ಕೂತು ಯೋಚನೆ ಮಾಡೋಕೆ ಟೈಮೇ ಇಲ್ಲ.

ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ನಮ್ಮೆಲ್ಲರ ಹತ್ತಿರ ಇದ್ದದ್ದು ಒಂದೇ ಜೆರಾಕ್ಸ್ ನೋಟ್ಸ್. ಕೇಂದ್ರ-ರಾಜ್ಯ ಸಂಬಂಧದ ಸರ್ಕಾರಿಯಾ ಆಯೋಗ, ಪುಂಛಿ ಆಯೋಗ, ಎರಡನೇ ಆಡಳಿತ ಸುಧಾರಣಾ ಆಯೋಗ. ಯಾರ ಉತ್ತರ ತೆಗೆದು ನೋಡಿದರೂ ಅದೇ ಹೆಸರು, ಅದೇ ಸಾಲು. ಇವನ್ನು ಓದಲೇಬೇಕು, ಬೇಡ ಅನ್ನಲ್ಲ. ಆದರೆ ನಾನು ಇನ್ನೊಂದು ಕೆಲಸ ಮಾಡಿದೆ. ಒಂದು ಲಾಂಗ್ ನೋಟ್‌ಬುಕ್ ತಗೊಂಡು ಎಡಪುಟದಲ್ಲಿ ಸಿಲಬಸ್‌ನ ಒಂದು ಸಾಲು, ಅದಕ್ಕೆ ಸೇರಿದ ವಿಧಿ, ಕಾಯ್ದೆ ಬರೆದೆ. ಬಲಪುಟದಲ್ಲಿ ಚಿತ್ರದುರ್ಗ ಅಥವಾ ದಾವಣಗೆರೆಯ ಒಂದು ಜಾಗ. ಬಲಪುಟ ಖಾಲಿ ಇದ್ದರೆ ಆ ಸಾಲು ನನಗೆ ಇನ್ನೂ ಅರ್ಥ ಆಗಿಲ್ಲ ಅಂತ ಲೆಕ್ಕ.

ಕೆಲವು ಪುಟ ಸುಲಭವಾಗಿ ತುಂಬಿದವು. ಒಕ್ಕೂಟದಲ್ಲಿ ಕೆಲವು ಪ್ರದೇಶಗಳಿಗೆ ವಿಶೇಷ ಸ್ಥಾನ ಅಂದರೆ ಹರಪನಹಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ತಾಲ್ಲೂಕು ಬಳ್ಳಾರಿಯಿಂದ ಇಲ್ಲಿಗೆ ಬಂತು. 2012ರ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದು ಹೈದರಾಬಾದ್ ಕರ್ನಾಟಕಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. ಹರಪನಹಳ್ಳಿಯವರು ನಮಗೂ ಅದು ಬೇಕು ಅಂತ ಹೋರಾಡಿದರು. 2018ರಲ್ಲಿ ತಾಲ್ಲೂಕು ವಾಪಸ್ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ನಗರಾಡಳಿತಕ್ಕೆ ದಾವಣಗೆರೆ ಸ್ಮಾರ್ಟ್ ಸಿಟಿ. 2016ರಲ್ಲಿ ಮೊದಲ ಸುತ್ತಿನ 20 ನಗರಗಳಲ್ಲಿ ಇದೂ ಒಂದು. ಹಣ ಖರ್ಚು ಮಾಡಿದ್ದು ಒಂದು ಕಂಪನಿ, ಜನ ಓಟು ಹಾಕಿ ಕಳಿಸಿದ್ದು ಪಾಲಿಕೆ ಸದಸ್ಯರನ್ನ. ನಗರಗಳ ಸ್ಥಳೀಯ ಆಡಳಿತದ 74ನೇ ತಿದ್ದುಪಡಿಯ ಬಗ್ಗೆ ಯಾವ ಪ್ರಶ್ನೆ ಬಂದರೂ ಈ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಸೇವಾ ಖಾತರಿ, ನಾಗರಿಕ ಸನ್ನದು ಅನ್ನೋ ಸಾಲಿಗೆ ಸಕಾಲ. 2011ರ ಕಾಯ್ದೆ. 2012ರ ಮಾರ್ಚ್‌ನಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದ ನಾಲ್ಕು ತಾಲ್ಲೂಕುಗಳಲ್ಲಿ ಚಿತ್ರದುರ್ಗವೂ ಇತ್ತು; ಔರಾದ್, ಧಾರವಾಡ, ಪುತ್ತೂರು ಉಳಿದವು. ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ಬಂತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ. ಇಷ್ಟು ಪುಸ್ತಕದಲ್ಲೇ ಇದೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಸಾಲಿನಲ್ಲಿ ನಿಂತರೆ ಬೇರೆ ಒಂದು ಕಾಣುತ್ತದೆ. ಸ್ವೀಕೃತಿ ಚೀಟಿಯ ಮೇಲೆ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತು ಸಂಖ್ಯೆ) ಬಿದ್ದ ಮೇಲೇ ಗಡಿಯಾರ ಓಡೋದು. 'ಸರ್ವರ್ ಡೌನ್, ನಾಳೆ ಬನ್ನಿ' ಅಂತ ಅರ್ಜಿಯನ್ನೇ ತಗೊಳ್ಳದೆ ಕಳಿಸಿದರೆ ಆ ದಿನ ಯಾವ ಲೆಕ್ಕಕ್ಕೂ ಇಲ್ಲ. ಅಂಕಿ-ಅಂಶದಲ್ಲಿ ಎಲ್ಲ ಸಕಾಲಕ್ಕೇ ವಿಲೇವಾರಿ ಆಗಿರುತ್ತದೆ. 'ಸೇವಾ ಖಾತರಿ ಕಾಯ್ದೆಗಳ ಮಿತಿ' ಅಂತ ಕೇಳಿದಾಗ ನಾನು ಬರೆದ ಮೊದಲ ಅಂಶ ಇದೇ.

ಜಾಸ್ತಿ ಹೊತ್ತು ಹಿಡಿದದ್ದು ಪಂಚಾಯತ್ ರಾಜ್ ಪುಟ. 73ನೇ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, ಹನ್ನೊಂದನೇ ಅನುಸೂಚಿಯ 29 ವಿಷಯ, ಅದೇ ವರ್ಷದ ನಮ್ಮ ರಾಜ್ಯದ ಕಾಯ್ದೆ. ಎಡಪುಟ ಐದು ನಿಮಿಷದಲ್ಲಿ ತುಂಬಿತು. ಬಲಪುಟಕ್ಕೆ ಹಿರಿಯೂರು ತಾಲ್ಲೂಕಿನ ನಮ್ಮೂರ ಗ್ರಾಮಸಭೆಗೆ ಹೋಗಿ ಕೂತೆ. ಶಾಲೆ ಅಂಗಳದಲ್ಲಿ ಶಾಮಿಯಾನ, ನೋಡಲ್ ಅಧಿಕಾರಿ, ಮುಂದೆ ಪ್ಲಾಸ್ಟಿಕ್ ಕುರ್ಚಿ. ಮನೆ ಹಂಚಿಕೆ ಪಟ್ಟಿ ಓದೋ ತನಕ ಗಂಡಸರು ನಿಂತಿದ್ದರು, ಹೆಸರು ಬಂದವರು ಬಾರದವರು ಇಬ್ಬರೂ ಆಮೇಲೆ ಎದ್ದು ಹೋದರು. ಕೊನೆಗೆ ಉಳಿದವರು ಹೆಂಗಸರು. ಅವರದ್ದು ಒಂದೇ ವಿಷಯ: ನೀರು. ನಾನು ಬರೆದುಕೊಳ್ಳೋದು ನೋಡಿ ಒಬ್ಬ ಅಜ್ಜಿ, 'ಬರ್ಕೋ ಮಗಾ, ಮಿಷಿನ್ನು ಕಾಯಿನ್ ನುಂಗುತ್ತೆ, ನೀರು ಬಿಡಲ್ಲ ಅಂತ ಬರ್ಕೋ' ಅಂದರು.

ಮಿಷಿನ್ ಅಂದರೆ ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬಬೇಕು. ನಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಮಾನಕ. ದಾಟಿದರೆ ಏನಾಗುತ್ತದೆ ಅಂತ ಸ್ಕೂಲ್ ಮಕ್ಕಳ ಹಲ್ಲು ನೋಡಿದರೆ ಗೊತ್ತಾಗುತ್ತದೆ, ಕಂದು ಪಟ್ಟೆ. ಅದಕ್ಕೇ ಈ ಘಟಕ. ಮಾರನೇ ದಿನ ನೀರಗಂಟಿಯ ಜೊತೆ ಹೋದೆ. ಅವನು ಬೀಗ ತೆಗೆದು ಒಂದೊಂದಾಗಿ ತೋರಿಸಿದ. ಫಿಲ್ಟರ್ ಹೌಸಿಂಗ್ ಬಿಚ್ಚಿದರೆ ಒಳಗೆ ಬೆಲ್ಲದ ಬಣ್ಣದ ಕೆಸರು. ಮೆಂಬ್ರೇನ್ ಬದಲಾಯಿಸಿಲ್ಲ. ಒಳಗೆ ಹೋದ ನೀರಿನಲ್ಲಿ ಬಹುಪಾಲು ಹಿಂದಿನ ಪೈಪಿನಿಂದ ಚರಂಡಿಗೆ ಹೋಗುತ್ತಿತ್ತು. ನಿರ್ವಹಣೆ ಗುತ್ತಿಗೆ ಮುಗಿದಿದೆ ಅಂದ. ಹೊಸದು ಯಾರು ಮಾಡಬೇಕು ಅಂದರೆ, 'ಇಲಾಖೆಯವರು ಪಂಚಾಯ್ತಿ ಅಂತಾರೆ, ಪಂಚಾಯ್ತಿಯವರು ಇಲಾಖೆ ಅಂತಾರೆ.'

ಇಲ್ಲಿಂದ ಮಾಹಿತಿ ಹಕ್ಕು ಪುಟವೂ ತುಂಬಿತು. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಒಂದು ಕಿವಿಮಾತು: 'ಯಾಕೆ ರಿಪೇರಿ ಮಾಡಿಲ್ಲ' ಅಂತ ಕೇಳಬೇಡಿ, 'ಕಾರಣ ಕೊಡುವ ಅವಕಾಶ ಇಲ್ಲ' ಅಂತ ಒಂದು ಸಾಲು ಬರುತ್ತದೆ. ದಾಖಲೆ ಕೇಳಬೇಕು. ಗುತ್ತಿಗೆ ಒಪ್ಪಂದದ ನಕಲು, ಘಟಕ ಹಸ್ತಾಂತರ ಮಾಡಿದ ಪತ್ರದ ನಕಲು. ಒಂದು ಇಲಾಖೆಯ ಕಚೇರಿಯಿಂದ 30 ದಿನಕ್ಕೆ ಏನೂ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು. ಹಸ್ತಾಂತರ ಪತ್ರದಲ್ಲಿ ಯಂತ್ರದ ಪಟ್ಟಿ ಇತ್ತು, ಕೀ ಎಷ್ಟು ಅಂತ ಇತ್ತು. ನಡೆಸೋಕೆ ದುಡ್ಡು ಯಾವ ಲೆಕ್ಕಶೀರ್ಷಿಕೆಯಿಂದ, ಜನ ಯಾರು ಅನ್ನೋದು ಇರಲಿಲ್ಲ.

ವಿಕೇಂದ್ರೀಕರಣ ಅರ್ಧಕ್ಕೆ ನಿಂತಿದೆ ಅಂತ ಎಲ್ಲ ಪುಸ್ತಕವೂ ಹೇಳುತ್ತದೆ. ಆ ಪತ್ರ ನೋಡಿದ ಮೇಲೆ ನನ್ನ ಉತ್ತರ ಬದಲಾಯಿತು. 'ಪಂಚಾಯಿತಿಗೆ ಹಣ ಸಾಲದು' ಅಂತ ಬರೆಯೋದು ಬಿಟ್ಟೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು-ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಜಲ ಜೀವನ್ ಮಿಷನ್ 2019ರಿಂದ ಇದೆ, ತಲೆಗೆ ದಿನಕ್ಕೆ 55 ಲೀಟರ್ ಗುರಿ. ಕಟ್ಟೋಕೆ ಹಣ ಬರುತ್ತದೆ. ಕಟ್ಟಿದವರು ಒಬ್ಬರು, ನಡೆಸಬೇಕಾದವರು ಇನ್ನೊಬ್ಬರು, ಇಬ್ಬರ ನಡುವೆ ಒಂದು ಕಾಗದ. ಪರಿಹಾರದ ಭಾಗದಲ್ಲಿ ಹೀಗೆ ಬರೆಯುತ್ತಿದ್ದೆ: 'ಆಸ್ತಿ ಹಸ್ತಾಂತರದ ಜೊತೆಗೇ ಐದು ವರ್ಷದ ನಿರ್ವಹಣಾ ಹಣ ಮತ್ತು ತರಬೇತಾದ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಗ್ರಾಮಸಭೆ ಆಸ್ತಿಯನ್ನು ಒಪ್ಪಿಕೊಳ್ಳದಿರುವ ಅಧಿಕಾರ ಇರಬೇಕು.' ಇದು ಯಾವ ಆಯೋಗದ ಶಿಫಾರಸೂ ಅಲ್ಲ, ನನ್ನದೇ. ಟೆಸ್ಟ್ ಸೀರೀಸ್‌ನಲ್ಲಿ ನೋಡಿದವರು ಪಕ್ಕದಲ್ಲಿ ಒಂದು ಟಿಕ್ ಹಾಕಿದ್ದರು.

ಸಮಾಜದ ಪ್ರಶ್ನೆಗಳು ಜಿಎಸ್ 1ರಲ್ಲೂ ಬರುತ್ತವೆ. ಅದಕ್ಕೆ ನಾನು ಪಶುಪಾಲಕ ಸಮುದಾಯವಾದ ಕಾಡುಗೊಲ್ಲರ ಹಟ್ಟಿಗಳನ್ನು ತಗೊಂಡೆ. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕು ಅನ್ನೋ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಮೌಢ್ಯಾಚರಣೆ ತಡೆಗೆ ರಾಜ್ಯದ 2017ರ ಕಾಯ್ದೆ ಇದನ್ನು ಅಪರಾಧ ಅನ್ನುತ್ತದೆ. ಶಬರಿಮಲೆ ಪ್ರಕರಣದ 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಮುಟ್ಟಿನ ಕಾರಣಕ್ಕೆ ಹೊರಗಿಡೋದನ್ನ 17ನೇ ವಿಧಿಯ ಅಸ್ಪೃಶ್ಯತೆಗೆ ಸೇರಿಸಿದರು. ಕಾನೂನಿನ ಕಡೆ ಕೊರತೆ ಇಲ್ಲ ಅಲ್ವಾ? ನೀತಿಯ ಕಡೆ ಮಾತ್ರ ಗೋಜಲು. ಕೆಲವು ಹಟ್ಟಿಗಳಲ್ಲಿ ಸರ್ಕಾರವೇ ಕೃಷ್ಣ ಕುಟೀರ ಅಂತ ಕಟ್ಟಡ ಕಟ್ಟಿಸಿತು. ಮಳೆ-ಚಳಿಗೆ ಗುಡಿಸಲಲ್ಲಿ ಇರೋ ಹೆಂಗಸಿಗೆ ಅದರಿಂದ ಅನುಕೂಲ ಹೌದು. ಆದರೆ ಹೊರಗಿಡೋದಕ್ಕೆ ಸರ್ಕಾರವೇ ಸಿಮೆಂಟು-ಇಟ್ಟಿಗೆ ಕೊಟ್ಟ ಹಾಗೂ ಆಯ್ತು. ಪರಿಚಯದ ಒಬ್ಬ ಆಶಾ ಕಾರ್ಯಕರ್ತೆ ಅಕ್ಕನ ಅಭಿಪ್ರಾಯ ಬೇರೆ: 'ಕೇಸ್ ಹಾಕಿದ್ರೆ ನನ್ನನ್ನೂ ಹಟ್ಟಿಯೊಳಗೆ ಬಿಡಲ್ಲ. ಆಮೇಲೆ ಬಾಣಂತಿ ನೋಡೋರು ಯಾರು?' ಕಾಯ್ದೆ ಇದ್ದರೂ ಕೇಸು ಯಾಕೆ ಕಮ್ಮಿ ಅನ್ನೋದಕ್ಕೆ ಈ ಮಾತು ಸಾಕು. ಜನರ ಆಚರಣೆ ಬಗ್ಗೆ ಬರೆಯುವಾಗ ಗದರುವ ಧಾಟಿ ಬೇಡ, ಅದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ನಡೆದ ಒಂದು ಜಗಳವೂ ನೋಟ್‌ಬುಕ್ ಸೇರಿತು. ರೂಮ್‌ಮೇಟ್ ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದವನು, ಅವರದ್ದು ಭತ್ತದ ಗದ್ದೆ. ನಾನು ಬಯಲುಸೀಮೆಯವನು, ನಮಗೆ ಭದ್ರಾ ನೀರನ್ನು ಈ ಕಡೆ ತರೋ ಭದ್ರಾ ಮೇಲ್ದಂಡೆ ಯೋಜನೆ ಬೇಕು. 'ಈಗ್ಲೇ ನಮ್ಮ ನಾಲೆಗೆ ನೀರು ತಲುಪಲ್ಲ, ನಿಮ್ಮೂರಿಗೆ ಕೊಟ್ರೆ ನಾವೇನು ಮಾಡ್ಬೇಕೋ?' ಅಂತ ಅವನು. 'ಕುಡಿಯೋಕೂ ಕೊಡಲ್ವೇನೋ' ಅಂತ ನಾನು. ಸುಮ್ನೆ ಕೂಗಾಡಿ, ಆಮೇಲೆ ಇಬ್ಬರೂ ಕೂತು ಅದನ್ನೇ ಉತ್ತರ ಮಾಡಿದೆವು. 262ನೇ ವಿಧಿ, 1956ರ ಕಾಯ್ದೆ ರಾಜ್ಯ-ರಾಜ್ಯಗಳ ಜಗಳಕ್ಕೆ. ಒಂದೇ ರಾಜ್ಯದ ಎರಡು ಜಿಲ್ಲೆ ಜಗಳವಾಡಿದರೆ ನ್ಯಾಯಮಂಡಳಿ ಇಲ್ಲ, ನೀರಾವರಿ ಸಲಹಾ ಸಮಿತಿ, ಸಚಿವರು, ರಸ್ತೆ ತಡೆ ಇಷ್ಟೇ. ಯೋಜನೆಯ ಅಚ್ಚುಕಟ್ಟು 2.25 ಲಕ್ಷ ಹೆಕ್ಟೇರ್, ಅದೂ ಹನಿ ನೀರಾವರಿ. 2023-24ರ ಕೇಂದ್ರ ಬಜೆಟ್ 5,300 ಕೋಟಿ ನೆರವು ಅಂತ ಹೇಳಿತು, ಆ ಹಣ ಬಂದಿಲ್ಲ ಅಂತ ರಾಜ್ಯದ ತಕರಾರು. ಹೀಗೆ ಒಂದೇ ನಾಲೆಯಿಂದ ಒಕ್ಕೂಟ ವ್ಯವಸ್ಥೆ, ನೀರಿನ ಹಂಚಿಕೆ, ಬೆಳೆ ನೀತಿ ಮೂರೂ ಸಿಕ್ಕವು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಪ್ರಬಂಧದ ಪೇಪರ್‌ಗೆ ಇದನ್ನು ಎತ್ತಿಟ್ಟುಕೊಂಡಿದ್ದೆ.

ಚಳ್ಳಕೆರೆಯ ಅಮೃತಮಹಲ್ ಕಾವಲು ಇನ್ನೊಂದು. ಕುದಾಪುರ, ಉಳ್ಳಾರ್ತಿ, ವರವು ಸುತ್ತಿನ ಸಾವಿರಾರು ಎಕರೆ ಹುಲ್ಲುಗಾವಲು ಐಐಎಸ್‌ಸಿ, ಇಸ್ರೋ, ಡಿಆರ್‌ಡಿಒ, ಬಿಎಆರ್‌ಸಿ ಅನ್ನೋ ವಿಜ್ಞಾನ-ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ದೂರು ಹೇಳಿಕೊಂಡರು, ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯಿತು. ದೇಶಕ್ಕೆ ವಿಜ್ಞಾನ ಬೇಡ ಅನ್ನೋಕೆ ಆಗಲ್ಲ. ಗೋಮಾಳವನ್ನು 'ಪಾಳು ಭೂಮಿ' ಅಂತ ಬರೆಯೋ ಕಂದಾಯದ ಕಣ್ಣಿನ ಬಗ್ಗೆ ಮಾತ್ರ ನನಗೆ ತಕರಾರಿದೆ, ಅದನ್ನು ಉತ್ತರದಲ್ಲೂ ಬರೆದೆ.

ಕೆಎಎಸ್‌ನಲ್ಲಿ ಈ ಉದಾಹರಣೆಗಳು ಇನ್ನೂ ಹಗುರವಾಗಿ ನಡೆಯುತ್ತವೆ, ಓದುವವರಿಗೆ ಜಾಗ ಗೊತ್ತಿರುತ್ತದೆ. ಯುಪಿಎಸ್‌ಸಿಯಲ್ಲಿ 'ಮಧ್ಯ ಕರ್ನಾಟಕದ ಬರಪೀಡಿತ ಜಿಲ್ಲೆ' ಅಂತ ನಾಲ್ಕು ಪದ ಮುಂದೆ ಹಾಕಬೇಕು. ಒಂದು ಉತ್ತರಕ್ಕೆ ಒಂದೇ ಊರು, ಅದೂ ಎರಡು ಸಾಲು. ಇಡೀ ಉತ್ತರ ಹಿರಿಯೂರಿನ ಕಥೆ ಆದರೆ ಅಂಕ ಬೀಳಲ್ಲ.

ಪ್ರತಿ ಬಲಪುಟದ ಮೇಲೆ ದಿನಾಂಕ ಹಾಕಿಡಿ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್‌ಗೆ ಮುಗಿಯಿತು, ಆ ಪುಟ ತಿದ್ದಬೇಕಾಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ 243ಇ ವಿಧಿ. 'ಎಷ್ಟು ವರ್ಷದಿಂದ ಆಡಳಿತಾಧಿಕಾರಿಗಳ ಕೈಯಲ್ಲಿದೆ' ಅನ್ನೋ ಅಂಕಿಯನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದಿದ್ದೆ, ಮೇನ್ಸ್ ಹಿಂದಿನ ವಾರ ಪೇಪರ್ ನೋಡಿ ಅಳಿಸಿ ಸರಿ ಮಾಡಿಕೊಳ್ಳುತ್ತಿದ್ದೆ.